ಕ್ಯಾಂಟನ್ನಿಗೆ ಹೊರಟ ಶ್ರೀಗಂಧ

ನಿಮ್ಮ ದೇವರ ಮನೆಯಲ್ಲಿ ಸಾಣೆಕಲ್ಲೊಂದು, ಅದರ ಪಕ್ಕದಲ್ಲಿ ಗಂಧದ ಕೊರಡೊಂದು ಇದ್ದೀತು. ದಿನವೂ ತೇಯ್ದು ತೇಯ್ದು ಅದು ಹೆಬ್ಬೆರಳಿನಷ್ಟು ಸವೆದಿದ್ದರೂ ಎಸೆಯಲು ಮನಸ್ಸು ಬರುವುದಿಲ್ಲ. ಇನ್ನೂರು ವರ್ಷಗಳ ಹಿಂದೆ ನಮ್ಮ ನಾಡಿನ ಗಂಧದ ಕೊರಡುಗಳಲ್ಲಿ ಅತ್ಯಂತ ದಪ್ಪನಾದವು, ನೆಟ್ಟನೆಯವು, ನಮ್ಮ ಮನೆಗಳಿಗೆ ಬರುತ್ತಿರಲಿಲ್ಲ. ಘಟ್ಟ ಇಳಿದು, ಸಮುದ್ರ ದಾಟಿ, ಚೀನ ದೇಶಕ್ಕೆ ಹೋಗುತ್ತಿದ್ದವು. ಅಲ್ಲಿ ಕೊಳ್ಳುವವರು ಇದ್ದರು, ಇಲ್ಲಿ ಮರವಿದ್ದಿತು, ನಡುವೆ ಒಯ್ಯಲು ಹಡಗುಗಳೂ ಇದ್ದವು. ಇಷ್ಟೆಲ್ಲ ಇದ್ದೂ ಆ ವ್ಯಾಪಾರ ಬೆಳೆಯಬೇಕಾದಂತೆ ಬೆಳೆಯಲಿಲ್ಲ; ಬೆಳೆದಷ್ಟರ ಲಾಭವೂ ಮರ ಬೆಳೆದ ನೆಲಕ್ಕೆ ಬರಲಿಲ್ಲ. ಇದಕ್ಕೆ ಕಾರಣವೇನು ಎಂಬುದನ್ನು ನೋಡೋಣ.

ನಮ್ಮ ವಿಚಾರವನ್ನು ಒಂದು ಸಣ್ಣ ಊರಿನಿಂದ ಆರಂಭಿಸಬಹುದು. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೋ ಕಲ್ಲತ್ತಿಗಿರಿಯ ಜಲಪಾತಕ್ಕೋ ಹೋದವರಿಗೆ ಲಿಂಗದಹಳ್ಳಿ ಗೊತ್ತು. ಊರಿನ ಬೆನ್ನಿಗೆ ಬಾಬಾಬುಡನ್ ಗಿರಿಗಳ ಸಾಲು. ಎದುರಿಗೆ ಅಜ್ಜಂಪುರ, ಕಡೂರುಗಳ ಕಡೆಗೆ ಹಬ್ಬಿದ ಬಯಲು. ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಎರಡರ ಸೆರಗು ಕೂಡುವ ಜಾಗ. ಗಂಧದ ಮರಕ್ಕೆ ಹಿಡಿಸುವುದು ಇಂಥ ಸೆರಗಿನ ನೆಲವೇ. ಕರಾವಳಿಯಲ್ಲಿ ಸುರಿಯುವಂಥ ಮಳೆ ಬಿದ್ದರೆ ಮರ ಚೆನ್ನಾಗಿ ಬೆಳೆದಂತೆ ಕಂಡರೂ ಒಳಗಿನ ತಿರುಳಿನಲ್ಲಿ ಪರಿಮಳ ಕಡಮೆ. ಆದುದರಿಂದ ಮಂಗಳೂರಿನ ಬಂದರಿನಲ್ಲಿ ಹಡಗೇರಿದ ಗಂಧ ಮಂಗಳೂರಿನ ಗಂಧವಲ್ಲ; ಘಟ್ಟದ ಮೇಲಿನ ಮೈಸೂರು ಸೀಮೆಯದು, ಕೊಡಗಿನದು.

ಈ ಮರದ ಸ್ವಭಾವವೇ ವಿಚಿತ್ರ. ಅದು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಹೆಣೆದು, ಅವುಗಳ ಆಹಾರದಲ್ಲಿ ಪಾಲು ತೆಗೆದುಕೊಂಡು ಬದುಕುತ್ತದೆ. ತಿರುಳು ಬಲಿಯಲು ಹತ್ತಾರು ವರ್ಷ ಬೇಕು. ಬೇರಿನ ಕಡೆಗೆ ಹೋದಷ್ಟೂ ಪರಿಮಳ ಹೆಚ್ಚು. ಆದುದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಅಗೆದು ತೆಗೆಯುತ್ತಾರೆ. 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸದ ರೀತಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಸಿಪ್ಪೆ ತೆಗೆದು, ಎರಡಡಿ ಉದ್ದದ ತುಂಡುಗಳಾಗಿ ಕೊಯ್ದು, ಒಣನೆಲದಲ್ಲಿ ಎರಡು ತಿಂಗಳು ಹೂಳುತ್ತಿದ್ದರಂತೆ. ಗೆದ್ದಲು ಹೊರಗಿನ ಬಿಳಿಯ ಭಾಗವನ್ನೆಲ್ಲ ತಿಂದು ಮುಗಿಸುತ್ತದೆ. ತಿರುಳನ್ನು ಮಾತ್ರ ಮುಟ್ಟುವುದಿಲ್ಲ. ಮನೆಯ ತೊಲೆಯನ್ನು ಕೆಡಿಸುವ ಗೆದ್ದಲೇ ಇಲ್ಲಿ ಕೂಲಿಯಿಲ್ಲದ ಕೆಲಸಗಾರ! ಆಮೇಲೆ ಕೊರಡುಗಳನ್ನು ನಯಮಾಡಿ ಗಾತ್ರದ ಮೇಲೆ ಬೇರೆಬೇರೆ ರಾಶಿ ಹಾಕುವುದು. ದಪ್ಪ ಕೊರಡುಗಳು ಚೀನಕ್ಕೆ, ನಡುತರದವು ಹಿಂದೂಸ್ಥಾನದ ಬಳಕೆಗೆ, ಚೂರುಪಾರು ಅರಬ್ಬೀ ದೇಶಗಳಿಗೆ. ಇದು ಅಂದಿನ ವರ್ತಕರ ಲೆಕ್ಕ.

ಚೀನೀಯರಿಗೆ ಇಷ್ಟು ಗಂಧ ಏಕೆ ಬೇಕಾಗಿದ್ದಿತು? ನಮ್ಮಂತೆ ಅವರು ಹಣೆಗೆ ಹಚ್ಚುವುದಿಲ್ಲ. ಅವರಿಗೆ ಅದು ಸುಡುವ ವಸ್ತು. ಬೌದ್ಧ ದೇವಾಲಯಗಳಲ್ಲಿ, ಮನೆಯಲ್ಲಿ ಹಿರಿಯರನ್ನು ನೆನೆದು ಪೂಜಿಸುವ ಜಾಗದಲ್ಲಿ, ಗಂಧದ ಪುಡಿಯಿಂದ ಮಾಡಿದ ಊದುಬತ್ತಿ ಉರಿಯಲೇಬೇಕು. ಬೀಸಣಿಗೆ, ಪೆಟ್ಟಿಗೆಗಳ ಕೆತ್ತನೆಗೂ, ಔಷಧಿಗೂ ಅದು ಬೇಕು. ಕೋಟ್ಯಂತರ ಜನರಿರುವ ದೇಶದಲ್ಲಿ ಪ್ರತಿದಿನವೂ ಉರಿದು ಬೂದಿಯಾಗುವ ಸರಕು ಇದು. ಕೊಂಡವನು ಮತ್ತೆ ಕೊಳ್ಳಲೇಬೇಕು. ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಯಾರು?

ಮೊದಲು ದಾರಿಯ ಕಷ್ಟಗಳನ್ನು ಗಮನಿಸಿ. ಘಟ್ಟದಲ್ಲಿ ಗಾಡಿ ಇಳಿಯುವಂಥ ರಸ್ತೆಗಳು ಆದದ್ದು ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದ ಈಚೆಗೆ. ಅದಕ್ಕೆ ಮುಂಚೆ ಆಗುಂಬೆಯಂಥ ಕಣಿವೆಯ ಕಾಲುದಾರಿಗಳಲ್ಲಿ ಹೇರೆತ್ತುಗಳ ಸಾಲೇ ಗತಿ. ಮೇಲಿನಿಂದ ಅಡಕೆ, ಮೆಣಸು, ಗಂಧ ಇಳಿಯಬೇಕು. ಕೆಳಗಿನಿಂದ ಉಪ್ಪು ಹತ್ತಬೇಕು. ಮಂಗಳೂರಿಗೆ ಬಂದ ಮೇಲೆ ಇನ್ನೊಂದು ತೊಡಕು. ನೇತ್ರಾವತಿ, ಗುರುಪುರ ಹೊಳೆಗಳ ಅಳಿವೆಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗು ಒಳಗೆ ಬರಲಾರದು. ಹೊರಗೆ ಲಂಗರು ಹಾಕಿ ನಿಂತ ಹಡಗಿಗೆ ದೋಣಿಗಳಲ್ಲಿ ಸರಕು ಸಾಗಿಸಬೇಕು. ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ರೇವು ಮುಚ್ಚಿದಂತೆಯೇ. ಅಷ್ಟರಲ್ಲಿ ಗಂಧ ಹಡಗು ಹತ್ತಿರಬೇಕು. ಹಡಗು ನೈಋತ್ಯ ಮಾರುತವನ್ನು ಹಿಡಿದು ಮಲಾಕ್ಕಾ ಜಲಸಂಧಿಯನ್ನು ದಾಟಬೇಕು. ಈಶಾನ್ಯ ಮಾರುತದ ಕಾಲದಲ್ಲಿ ಹಿಂದಿರುಗಬೇಕು. ಒಂದು ಋತು ತಪ್ಪಿದರೆ ಒಂದು ವರ್ಷ ಹೋಯಿತು.

ಇವು ಪ್ರಕೃತಿ ಒಡ್ಡಿದ ಅಡ್ಡಿಗಳು. ಆದರೆ ಗಾಳಿ, ಮಳೆ, ಘಟ್ಟಗಳ ರೀತಿ ವರ್ತಕನಿಗೆ ತಲೆತಲಾಂತರದಿಂದ ಗೊತ್ತಿದ್ದದ್ದು. ಗಾಳಿ ವರ್ಷವರ್ಷವೂ ಹೇಳಿದ ಕಾಲಕ್ಕೇ ಬರುತ್ತದೆ. ಅದಕ್ಕೆ ತಕ್ಕಂತೆ ಲೆಕ್ಕ ಹಾಕಬಹುದು. ಲೆಕ್ಕಕ್ಕೆ ಸಿಗದಿದ್ದವು ಮನುಷ್ಯರು ಹಾಕಿದ ಬೀಗಗಳು. ಲಿಂಗದಹಳ್ಳಿಯ ಕಡೆಯ ಕಾಡಿಗೂ ಕ್ಯಾಂಟನ್ನಿನ ದೇವಾಲಯಕ್ಕೂ ನಡುವೆ ಇಂಥ ಬೀಗಗಳು ಮೂರು ಇದ್ದವು. ಒಂದು ಅರಸನದು, ಒಂದು ಕಂಪನಿಯದು, ಇನ್ನೊಂದು ಚೀನದ ಚಕ್ರವರ್ತಿಯದು. ಮೂರು ಬೀಗಗಳ ಬೀಗದ ಕೈಯೂ ಬೆಳೆಯುವವನ ಹತ್ತಿರವಾಗಲಿ, ಸುಡುವವನ ಹತ್ತಿರವಾಗಲಿ ಇರಲಿಲ್ಲ.

ಮೊದಲನೆಯ ಬೀಗ ಮರದ ಬುಡದಲ್ಲಿಯೇ ಇದ್ದಿತು. ಟಿಪ್ಪು ಸುಲ್ತಾನನ ಕಾಲಕ್ಕೆ ಬನ್ನಿ. 1784ರ ಮಂಗಳೂರು ಒಪ್ಪಂದದಿಂದ ಯುದ್ಧವೇನೋ ನಿಂತಿತು, ವೈರ ನಿಲ್ಲಲಿಲ್ಲ. ತಲಚೇರಿಯಲ್ಲಿ ಇಂಗ್ಲಿಷರ ಕೋಠಿ ಇದ್ದಿತು. ಮುಂಬಯಿಯಿಂದ ಹೊರಟ ಹಡಗುಗಳು ಈ ತೀರದಲ್ಲಿ ಮೆಣಸು, ಗಂಧಗಳನ್ನು ತುಂಬಿಕೊಂಡು ಚೀನಕ್ಕೆ ಹೋಗುತ್ತಿದ್ದವು. ಆ ಸರಕು ಶತ್ರುವಿನ ಬೊಕ್ಕಸವನ್ನು ತುಂಬುತ್ತದೆ ಎಂಬುದು ಟಿಪ್ಪುವಿಗೆ ತಿಳಿಯದ ವಿಷಯವಲ್ಲ. ಮೆಣಸು, ಗಂಧ, ಏಲಕ್ಕಿಗಳು ಇಂಗ್ಲಿಷರ ಕೈಗೆ ಹೋಗದಂತೆ ಆತ ತಡೆದನು. ವ್ಯಾಪಾರವನ್ನು ಸರ್ಕಾರದ ಕೈಗೇ ತೆಗೆದುಕೊಂಡನು. ಮಸ್ಕತ್, ಕಚ್ಛ್ ಮುಂತಾದ ಕಡೆ ತನ್ನದೇ ಕೋಠಿಗಳನ್ನು ತೆರೆದನು. 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದನು. ಅರಸನಾಗಿ ಆತನ ಯೋಚನೆಯಲ್ಲಿ ತರ್ಕವಿದ್ದಿತು. ಪರದೇಶದವರು ಕೇಳಿದ ಬೆಲೆಗೆ ಕೊಡುವುದಕ್ಕಿಂತ ತಾನೇ ಬೇರೆ ಸಮುದ್ರದ ಮಾರುಕಟ್ಟೆಯನ್ನು ಹುಡುಕುವುದು ಹೆಚ್ಚಿನ ಧೈರ್ಯದ ಕೆಲಸವೇ ಸರಿ. ಆದರೆ ಮಸ್ಕತ್ತು ಪಶ್ಚಿಮಕ್ಕೆ; ದಪ್ಪ ಕೊರಡಿನ ಗಿರಾಕಿ ಇದ್ದದ್ದು ಪೂರ್ವಕ್ಕೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಹೋದರೂ ಆತ ಹಾಕಿದ ಬೀಗ ಉಳಿಯಿತು. ಪೂರ್ಣಯ್ಯನವರ ದಿವಾನಗಿರಿಯಲ್ಲಿಯೂ, ಮುಂದೆ 1831ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿಯೂ, ಗಂಧ ಸರ್ಕಾರದ ಸ್ವತ್ತಾಗಿಯೇ ಮುಂದುವರಿಯಿತು. ರೈತನ ಹೊಲದ ಬದುವಿನಲ್ಲಿ ಹುಟ್ಟಿದರೂ ಮರ ರೈತನದಲ್ಲ. ಹಕ್ಕಿ ಹಣ್ಣು ತಿಂದು ಬೀಜ ಬೀಳಿಸಿದರೆ ಗಿಡ ತಾನಾಗಿ ಹುಟ್ಟುತ್ತದೆ. ಹುಟ್ಟಿದಂದಿನಿಂದ ಅದು ಸರ್ಕಾರದ ಗಿಡ. ಅದನ್ನು ಕಾಯುವ ಹೊಣೆ ಮಾತ್ರ ಹೊಲದವನದು. ಕಳವಾದರೆ ವಿಚಾರಣೆ ಅವನಿಗೆ. ನೀವೇ ಯೋಚಿಸಿ: ಲಿಂಗದಹಳ್ಳಿಯಂಥ ಊರಿನ ರೈತನೊಬ್ಬ ತನ್ನ ಬದುವಿನಲ್ಲಿ ಗೇಣುದ್ದದ ಗಂಧದ ಸಸಿಯನ್ನು ಕಂಡರೆ ಏನು ಮಾಡಿಯಾನು? ನೀರೆರೆದಾನೆ? ಯಾರೂ ನೋಡದಾಗ ಕಿತ್ತು ಹಾಕುವುದೇ ಅವನಿಗೆ ಕ್ಷೇಮ. ಬೇಡಿಕೆ ಎಷ್ಟು ಏರಿದರೂ ಬೆಳೆ ಏರದಂತೆ ಮಾಡಿದ್ದು ಈ ಬೀಗ. ಅಡಕೆಗೆ ಬೆಲೆ ಬಂದರೆ ತೋಟ ಬೆಳೆಯುತ್ತದೆ. ಗಂಧಕ್ಕೆ ಬೆಲೆ ಬಂದರೆ ಕಾಡು ಬರಿದಾಗುತ್ತದೆ. ಎರಡಕ್ಕೂ ನಡುವಿನ ವ್ಯತ್ಯಾಸ ಇಷ್ಟೆ, ಮೊದಲನೆಯದು ನೆಟ್ಟವನ ಸೊತ್ತು.

ಎರಡನೆಯ ಬೀಗ ಬಂದರಿನಲ್ಲಿ. 1799ರಲ್ಲಿ ಮಂಗಳೂರು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದನು. ಇನ್ನು ವ್ಯಾಪಾರ ಸರಾಗವಾಗಬೇಕಾಗಿದ್ದಿತು. ಆದರೆ ಇಂಗ್ಲಿಷರ ಕಾಯಿದೆಯ ಪ್ರಕಾರ ಚೀನದೊಡನೆ ವ್ಯಾಪಾರ ಮಾಡುವ ಸನ್ನದು ಕಂಪನಿಯೊಂದಕ್ಕೇ ಇದ್ದಿತು. 1813ರಲ್ಲಿ ಹಿಂದೂಸ್ಥಾನದ ವ್ಯಾಪಾರವನ್ನು ಇತರ ಇಂಗ್ಲಿಷ್ ವರ್ತಕರಿಗೆ ತೆರೆದಾಗಲೂ ಚೀನದ ಬಾಗಿಲನ್ನು ಕಂಪನಿ ತನಗೇ ಉಳಿಸಿಕೊಂಡಿತು. ಮುಂಬಯಿಯ ಪಾರ್ಸಿ ಮತ್ತು ಇಂಗ್ಲಿಷ್ ವರ್ತಕರ ಹಡಗುಗಳು ಕಂಪನಿಯ ಪರವಾನಗಿ ಪಡೆದು ಕ್ಯಾಂಟನ್ನಿಗೆ ಹೋಗಬಹುದಾಗಿದ್ದಿತು. ಮುಂದೆ ಮುಂಬಯಿಯಲ್ಲಿ ಹೆಸರಾಂತ ದಾನಿಯಾದ ಜಮ್‌ಷೆಟ್‌ಜಿ ಜೀಜೀಭಾಯಿ 1799ರಲ್ಲಿ ಮೊದಲ ಸಲ ಚೀನಕ್ಕೆ ಹೋದದ್ದು ಹೀಗೆಯೇ. ಆದರೆ ಪರವಾನಗಿ ಕೊಡುವವನೇ ಪೈಪೋಟಿಯ ವ್ಯಾಪಾರಿಯೂ ಆಗಿದ್ದರೆ ಉಳಿದವರ ಪಾಡೇನು?

ಕಂಪನಿಗೆ ಗಂಧ ಮುಖ್ಯವಾಗಿರಲಿಲ್ಲ, ಚಹಾ ಮುಖ್ಯ. 1784ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಚಹಾದ ಮೇಲಿನ ಸುಂಕವನ್ನು ಶೇಕಡ 119ರಿಂದ 12½ಕ್ಕೆ ಇಳಿಸಿತು. ಅಲ್ಲಿಂದ ಮುಂದೆ ಇಂಗ್ಲಿಷರ ಚಹಾದ ದಾಹಕ್ಕೆ ಮೇರೆಯಿಲ್ಲ. ಆಗ ಅಷ್ಟೂ ಚಹಾ ಬರುತ್ತಿದ್ದುದು ಚೀನದಿಂದ. ಚೀನೀಯರಿಗೆ ಇಂಗ್ಲೆಂಡಿನ ಉಣ್ಣೆಯ ಬಟ್ಟೆ ಅಷ್ಟಾಗಿ ಬೇಡ, ಬೆಳ್ಳಿ ಬೇಕು. ಬೆಳ್ಳಿಯನ್ನು ಉಳಿಸಲು ಕಂಪನಿ ಒಂದು ಉಪಾಯ ಕಂಡಿತು. ಹಿಂದೂಸ್ಥಾನದ ಹತ್ತಿ, ಮೆಣಸು, ಗಂಧ, ಅಫೀಮುಗಳನ್ನು ವರ್ತಕರು ಕ್ಯಾಂಟನ್ನಿನಲ್ಲಿ ಮಾರಿ, ಬಂದ ಬೆಳ್ಳಿಯನ್ನು ಅಲ್ಲಿಯೇ ಕಂಪನಿಯ ಖಜಾನೆಗೆ ಕಟ್ಟುವುದು. ಬದಲಿಗೆ ಲಂಡನ್ನಿನ ಮೇಲೋ ಕಲ್ಕತ್ತೆಯ ಮೇಲೋ ಹುಂಡಿ ಪಡೆಯುವುದು. ಆ ಬೆಳ್ಳಿಯಿಂದ ಕಂಪನಿ ಚಹಾ ಕೊಳ್ಳುವುದು. ಹೀಗೆ ನಮ್ಮ ಕಾಡಿನ ಗಂಧ ಲಂಡನ್ನಿನ ಮನೆಗಳಲ್ಲಿ ಚಹಾದ ಬಟ್ಟಲಾಗಿ ಬದಲಾಯಿತು! ಪಶ್ಚಿಮ ತೀರಕ್ಕೆ ಚೀನದಿಂದ ಹಿಂದಿರುಗಿ ಬಂದ ಸಕ್ಕರೆ, ಕಲ್ಲುಸಕ್ಕರೆ, ರೇಷ್ಮೆ, ಪಿಂಗಾಣಿಗಳು ಮೊದಲು ಇಳಿದದ್ದು ಮುಂಬಯಿಯಲ್ಲಿ. ಮಂಗಳೂರು ಸರಕನ್ನು ಹೊತ್ತುಕೊಟ್ಟ ಬಂದರಾಯಿತೇ ಹೊರತು ಚೀನೀ ವರ್ತಕರೊಡನೆ ನೇರವಾಗಿ ಕೊಡುಕೊಳ್ಳುವ ಪೇಟೆಯಾಗಲಿಲ್ಲ.

ಇನ್ನು ಮೂರನೆಯ ಬೀಗ. 1757ರಲ್ಲಿ ಚೀನದ ಚಕ್ರವರ್ತಿ ಕಿಯೆನ್‌ಲುಂಗ್, ಐರೋಪ್ಯರ ವ್ಯಾಪಾರವೆಲ್ಲ ಕ್ಯಾಂಟನ್ ಒಂದರಲ್ಲಿಯೇ ನಡೆಯತಕ್ಕದ್ದೆಂದು ವಿಧಿಸಿದನು. ಇಂದು ನಾವು ಗ್ವಾಂಗ್‌ಝೌ ಎನ್ನುವ ಊರು ಅದು. ಅಷ್ಟು ದೊಡ್ಡ ರಾಜ್ಯಕ್ಕೆ ಒಂದೇ ಬಾಗಿಲು. ಆ ಬಾಗಿಲಿನಲ್ಲಿಯೂ ಯಾರು ಬೇಕಾದರೂ ಮಾರುವಂತಿಲ್ಲ, ಯಾರು ಬೇಕಾದರೂ ಕೊಳ್ಳುವಂತಿಲ್ಲ. ‘ಹಾಂಗ್’ ಎಂಬ ಕೆಲವೇ ಸರ್ಕಾರಿ ಅನುಮತಿಯ ವರ್ತಕ ಮನೆಗಳಿಗೆ ಮಾತ್ರ ಆ ಹಕ್ಕು. ಹಡಗು ಮೊದಲು ಮಕಾವಿನಲ್ಲಿ ದಾರಿ ತೋರುವ ಅಂಬಿಗನನ್ನು ಪಡೆಯಬೇಕು. ನದಿಯಲ್ಲಿ ವಾಂಪೋವಾ ಎಂಬಲ್ಲಿ ಲಂಗರು ಹಾಕಬೇಕು. ಸುಂಕದ ಅಧಿಕಾರಿಯ ಜನ ಬಂದು ಹಡಗಿನ ಉದ್ದಗಲ ಅಳೆದು ತೆರಿಗೆ ಕಟ್ಟುತ್ತಾರೆ. ಅದರ ಮೇಲೆ ಕಾಣಿಕೆ ಬೇರೆ. ಪ್ರತಿ ಹಡಗಿಗೂ ಒಬ್ಬ ಹಾಂಗ್ ವರ್ತಕ ಜಾಮೀನು ನಿಲ್ಲಬೇಕು. ಹಡಗಿನವರು ಏನು ತಪ್ಪು ಮಾಡಿದರೂ ಅವನೇ ಉತ್ತರ ಹೇಳಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ಪರದೇಶದ ವರ್ತಕನ ಜೀವನವೂ ಅಲ್ಲಿ ಸೆರೆಮನೆಯಂತೆಯೇ. ನದಿಯ ದಡದ ಕೆಲವು ಕೋಠಿಗಳಲ್ಲಿ ಮಾತ್ರ ಅವನ ವಾಸ. ಊರ ಕೋಟೆಯೊಳಗೆ ಪ್ರವೇಶವಿಲ್ಲ. ಹೆಂಡತಿಯನ್ನು ಕರೆತರುವಂತಿಲ್ಲ. ವ್ಯಾಪಾರದ ಋತು ಮುಗಿದರೆ ಮಕಾವಿಗೆ ಹೊರಡಬೇಕು. ಚೀನೀ ಭಾಷೆ ಕಲಿಸುವವನಿಗೆ ಶಿಕ್ಷೆ ಕಾದಿರುತ್ತಿದ್ದಿತು. ಮಾತೆಲ್ಲ ದುಭಾಷಿಗಳ ಮೂಲಕ ನಡೆಯಬೇಕು. ಇತ್ತ ನಮ್ಮ ಕಡೆ ಮಣ, ಖಂಡಿಗಳ ತೂಕ; ಅತ್ತ 133 ಪೌಂಡಿಗೆ ಒಂದು ಪಿಕುಲ್. ಇತ್ತ ಇಕ್ಕೇರಿ ವರಹ. ಅತ್ತ ಬೆಳ್ಳಿಯ ತೂಕ, ಸ್ಪೇನಿನ ಡಾಲರು. 1793ರಲ್ಲಿ ಇಂಗ್ಲೆಂಡಿನ ದೊರೆ ಮಕಾರ್ಟ್‌ನಿಯನ್ನು ರಾಯಭಾರಿಯಾಗಿ ಕಳುಹಿಸಿ ಇನ್ನಷ್ಟು ಬಂದರುಗಳನ್ನು ತೆರೆಯಬೇಕೆಂದು ಕೇಳಿಕೊಂಡನು. ಚಕ್ರವರ್ತಿ ಒಪ್ಪಲಿಲ್ಲ.

ಹಾಗೆಂದು ಹಾಂಗ್ ವರ್ತಕರನ್ನು ಕೇವಲ ಲಾಭಕೋರರೆಂದು ತಿಳಿಯಬಾರದು. ಅವರೂ ಎರಡು ಕಲ್ಲಿನ ನಡುವೆ ಸಿಕ್ಕಿದ ಕಾಳು. ಅಧಿಕಾರಿಗಳಿಗೆ ಕೊಡಬೇಕು, ಪ್ರವಾಹ ಬಂದರೆ, ದಂಗೆಯಾದರೆ ಸರ್ಕಾರಕ್ಕೆ ‘ಕಾಣಿಕೆ’ ಸಲ್ಲಿಸಬೇಕು, ಚಹಾ ಒದಗಿಸಲು ಪರದೇಶದವರಿಂದಲೇ ಹೆಚ್ಚಿನ ಬಡ್ಡಿಗೆ ಸಾಲ ತರಬೇಕು. ದಿವಾಳಿಯಾದವರು ಹಲವರು. ಸಾಲ ತೀರಿಸಲಾರದೆ ದೂರದ ಇಲಿ ಪ್ರಾಂತಕ್ಕೆ ಗಡೀಪಾರಾದವರೂ ಉಂಟು. ಹಾಕ್ವಾ ಎಂದು ಹೊರದೇಶಗಳಲ್ಲಿ ಹೆಸರಾದ ವೂ ಬಿಂಗ್‌ಜಿಯಾನನಂತೆ ಅಪಾರ ಸಂಪತ್ತು ಗಳಿಸಿದವರು ವಿರಳ. ಇಂಥ ವರ್ತಕನಿಗೆ ಗಂಧದ ಬೆಲೆಯನ್ನು ಉದಾರವಾಗಿ ಏರಿಸುವ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ಇತ್ತ ರೈತ, ಅತ್ತ ಹಾಂಗ್ ವರ್ತಕ. ಒಬ್ಬರ ಮುಖ ಒಬ್ಬರು ಕಾಣದ ಇಬ್ಬರೂ ಒಂದೇ ಬಗೆಯ ಕಟ್ಟಿಗೆ ಸಿಕ್ಕಿದ್ದರು.

ಬಾಗಿಲು ಬಿಗಿದರೆ ನೀರು ಬೇರೆ ದಾರಿ ಹುಡುಕುತ್ತದೆ. ಅಮೆರಿಕದ ಹಡಗುಗಳು 1784ರಿಂದ ಕ್ಯಾಂಟನ್ನಿಗೆ ಬರತೊಡಗಿದ್ದವು. ಅವರಿಗೆ ಕಂಪನಿಯ ಸನ್ನದಿನ ಹಂಗಿಲ್ಲ. ಚೀನೀಯರಿಗೆ ಗಂಧ ಬೇಕೆಂಬುದನ್ನು ಕಂಡು ಅವರು ಶಾಂತಸಾಗರದ ದ್ವೀಪಗಳಲ್ಲಿ ಗಂಧ ಹುಡುಕಿದರು. ಸುಮಾರು 1804ರಿಂದ ಫಿಜಿ ದ್ವೀಪಗಳಲ್ಲಿ, ಅನಂತರ ಮಾರ್ಕೇಸಸ್‌ನಲ್ಲಿ, 1810ರಿಂದ ಈಚೆಗೆ ಹವಾಯಿಯಲ್ಲಿ ಕೊಡಲಿಯ ಸದ್ದು ಎದ್ದಿತು. ಅವು ನಮ್ಮ ಮರದ ದಾಯಾದಿ ಜಾತಿಗಳು. ಪರಿಮಳದಲ್ಲಿ ನಮ್ಮದಕ್ಕೆ ಸರಿಯಲ್ಲ. ಆದರೂ ಅಗ್ಗದ ಸರಕು ರಾಶಿರಾಶಿಯಾಗಿ ಬಂದರೆ ಮಾರುಕಟ್ಟೆ ಕುಗ್ಗದೆ ಇರುತ್ತದೆಯೆ? ಹವಾಯಿಯಲ್ಲಿ ದೊರೆ ಕಮೇಹಮೇಹ ಗಂಧವನ್ನು ತನ್ನ ಏಕಸ್ವಾಮ್ಯವೆಂದು ಸಾರಿದನು. 1819ರಲ್ಲಿ ಅವನು ಸತ್ತ ಮೇಲೆ ಪಾಳೆಯಗಾರರು ಪರದೇಶದ ಸರಕಿಗಾಗಿ ಸಾಲ ಮಾಡಿ, ಸಾಲಕ್ಕಾಗಿ ಪ್ರಜೆಗಳನ್ನು ಬೆಟ್ಟಕ್ಕಟ್ಟಿ, 1830ರ ಹೊತ್ತಿಗೆ ಕಾಡನ್ನೇ ಮುಗಿಸಿದರು. ಇಂದಿಗೂ ಚೀನೀಯರು ಹವಾಯಿಯ ಹೊನೊಲುಲುವನ್ನು ಕರೆಯುವ ಹೆಸರಿನ ಅರ್ಥ ‘ಗಂಧದ ಬೆಟ್ಟ’. ಬೆಟ್ಟ ಉಳಿಯಿತು, ಹೆಸರು ಉಳಿಯಿತು, ಗಂಧ ಉಳಿಯಲಿಲ್ಲ.

ಬೀಗಗಳು ಕೊನೆಗೆ ಮುರಿದವು. ಆದರೆ ಹೇಗೆ? 1833ರ ಕಾಯಿದೆಯಿಂದ ಕಂಪನಿಯ ಚೀನಾ ಏಕಸ್ವಾಮ್ಯ ರದ್ದಾಗಿ 1834ರಲ್ಲಿ ಖಾಸಗಿ ವರ್ತಕರು ನುಗ್ಗಿದರು. ಅಷ್ಟರಲ್ಲಿ ಬೆಳ್ಳಿಯ ಕೊರತೆಯನ್ನು ತುಂಬುವ ಸರಕು ಗಂಧವಲ್ಲ, ಅಫೀಮು ಆಗಿದ್ದಿತು. ಚೀನ ಅದನ್ನು ತಡೆಯಹೋದಾಗ 1839ರಲ್ಲಿ ಯುದ್ಧ. 1842ರಲ್ಲಿ ನಾನ್‌ಕಿಂಗ್ ಒಪ್ಪಂದ. ಕ್ಯಾಂಟನ್, ಅಮೊಯ್, ಫೂಚೌ, ನಿಂಗ್‌ಪೊ, ಶಾಂಘೈ, ಹೀಗೆ ಐದು ಬಂದರುಗಳು ತೆರೆದವು. ಹಾಂಗ್ ವರ್ತಕರ ಹಕ್ಕು ಅಳಿಯಿತು. ಅವರ ಹಳೆಯ ಸಾಲಗಳಿಗಾಗಿ 30 ಲಕ್ಷ ಡಾಲರುಗಳನ್ನು ಚೀನ ತೆರಬೇಕಾಯಿತು. ತೋಪಿನ ಬಾಯಲ್ಲಿ ತೆರೆದ ಬಾಗಿಲು ಸ್ನೇಹದ ವ್ಯಾಪಾರಕ್ಕೆ ದಾರಿಯಾಗುವುದು ಕಷ್ಟ. ಎರಡು ಪುರಾತನ ದೇಶಗಳ ನಡುವೆ ದೇವರ ಮುಂದೆ ಉರಿಯುವ ವಸ್ತುವಿನಿಂದ ಬೆಳೆಯಬಹುದಾಗಿದ್ದ ಕೊಡುಕೊಳ್ಳುವಿಕೆ, ಮನುಷ್ಯನನ್ನೇ ಸುಡುವ ವಸ್ತುವಿನ ನೆರಳಿಗೆ ಬಿದ್ದಿತು.

ದೂರದ ಎರಡು ಬೀಗಗಳು ಹೀಗೆ ಮುರಿದರೂ ಹತ್ತಿರದ ಬೀಗ ಹಾಗೆಯೇ ಇದ್ದಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ ರೈಲು ಬಂದಿತು. ಹೇರೆತ್ತಿನ ಕಾಲ ಮುಗಿಯಿತು. 1914ರ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧ ಹೋಗುವುದು ನಿಂತಾಗ, ಕೊರಡನ್ನೇ ಕಳುಹಿಸುವ ಬದಲು ಎಣ್ಣೆ ತೆಗೆದು ಕಳುಹಿಸುವ ವಿಚಾರ ಮೈಸೂರು ಸರ್ಕಾರಕ್ಕೆ ಹೊಳೆಯಿತು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. 1918ರಲ್ಲಿ ಸಾಬೂನು ಬಂದಿತು. ಆ ಸಾಬೂನಿನ ಪರಿಮಳ ನಿಮ್ಮ ಮನೆಯಲ್ಲಿಯೂ ಇದ್ದೀತು. ಆದರೆ ಬದುವಿನ ಮರದ ಒಡೆತನ ರೈತನಿಗೆ ಬಂದದ್ದು 2001ರಲ್ಲಿ, ಕರ್ನಾಟಕದ ಅರಣ್ಯ ಕಾಯಿದೆ ತಿದ್ದುಪಡಿಯಾದ ಮೇಲೆ. 1792ರಿಂದ ಎಣಿಸಿದರೆ ಇನ್ನೂರ ಒಂಬತ್ತು ವರ್ಷ! ಅಷ್ಟರಲ್ಲಿ ಕಳ್ಳರ ಕೊಡಲಿಯಿಂದಲೂ, ಎಲೆ ಕಿರಿದಾಗಿಸಿ ಮರವನ್ನು ಕೊಲ್ಲುವ ‘ಸ್ಪೈಕ್’ ರೋಗದಿಂದಲೂ ನಮ್ಮ ಕಾಡಿನ ಗಂಧ ಬಹಳ ಮಟ್ಟಿಗೆ ಬರಿದಾಗಿದ್ದಿತು. ನಮ್ಮ ಮರದ ಬೀಜದಿಂದ ಆಸ್ಟ್ರೇಲಿಯದವರು ತಮ್ಮ ನೆಲದಲ್ಲಿ ದೊಡ್ಡ ತೋಟಗಳನ್ನೇ ಎಬ್ಬಿಸಿದ್ದಾರೆ.

ವ್ಯಾಪಾರದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹಡಗು, ಬಂದರು, ಒಪ್ಪಂದಗಳ ಚರಿತ್ರೆಯೆಂದು ಓದುತ್ತೇವೆ. ಗಂಧದ ಕಥೆ ಬೇರೊಂದು ಪಾಠ ಹೇಳುತ್ತದೆ. ಕ್ಯಾಂಟನ್ನಿನ ಬಾಗಿಲನ್ನು ತೆರೆಸಲು ಜಗತ್ತು ಹಡಗುಪಡೆಗಳನ್ನು ಕಳುಹಿಸಿತು. ಬದುವಿನ ಸಸಿಯ ಬೀಗವನ್ನು ತೆರೆಯಲು ಒಂದು ಸಾಲಿನ ಕಾಯಿದೆ ಸಾಕಾಗಿದ್ದಿತು. ಅದನ್ನು ಬರೆಯುವುದೇ ಎಲ್ಲಕ್ಕಿಂತ ತಡವಾಯಿತು. ಮುಂದೆ ನೀವು ಲಿಂಗದಹಳ್ಳಿಯ ಕಡೆ ಹೋದಾಗ ಯಾವುದಾದರೂ ಹೊಲದ ಬೇಲಿಯ ಬಳಿ ಗಂಧದ ಎಳೆಯ ಗಿಡ ಕಂಡರೆ ಒಂದು ಗಳಿಗೆ ನಿಂತು ನೋಡಿ. ಅದು ಬಲಿತು ತಿರುಳು ಕಟ್ಟುವ ಹೊತ್ತಿಗೆ ನೆಟ್ಟವನ ಮಕ್ಕಳು ದೊಡ್ಡವರಾಗಿರುತ್ತಾರೆ. ಆದರೂ ಅವನು ನೆಟ್ಟಿದ್ದಾನೆ. ಏಕೆಂದರೆ ಈಗ ಅದು ಅವನದು.